ದಾದಿಯ ಜಪಾನ್ ಚಾಕು

ನಾಲ್ಕನೆಯ ಅಕ್ಷರ ಸ್ವಲ್ಪ ವಾರೆಯಾಯಿತು. ತರನ್ನುಮ ನಾಲಿಗೆ ಕಚ್ಚಿಕೊಂಡು ಐದನೆಯದನ್ನು ನೆಟ್ಟಗೆ ಬರೆದಳು. ಮಾರ್ಕರ್ ಪೆನ್ನಿಗೆ ಮುಚ್ಚಳ ಹಾಕಿ ಉಫ್ ಎಂದು ಊದಿದಳು. ದಾದಿಯ ಚಾಕುವಿನ ಮೇಲೆ ಐದು ಕಪ್ಪು ಅಕ್ಷರಗಳು ಮಿಂಚಿದವು.

ಒಳಗೆ ದಾದಿ, ಅಂದರೆ ಅಪ್ಪನ ತಾಯಿ ರೋಷನಬಿ, ನಮಾಜು ಮುಗಿಸುತ್ತಿದ್ದರು. ಆ ಚಾಕುವನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಮದುವೆ ಮನೆಗಳಿಗೆ ಅಡುಗೆ ಮಾಡಲು ಹೋಗುವಾಗಲೂ ದಾದಿ ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ ತಾವೇ ಒಯ್ಯುತ್ತಿದ್ದರು. ತರನ್ನುಮ ಅದನ್ನು ಗೂಡಿನಲ್ಲಿ ಮೊದಲಿದ್ದ ಹಾಗೆಯೇ ಇಟ್ಟು ಹೊರಗೆ ಓಡಿದಳು.

ಇದಕ್ಕೆಲ್ಲ ಕಾರಣ ಕಾಂತು.

ಕಾಂತು ಐದನೇ ಕ್ಲಾಸಿನ ಚಾಕು ಪಂಡಿತ. ಅಪ್ಪನ ಮೊಬೈಲಿನಲ್ಲಿ ಅಡುಗೆಯ ವಿಡಿಯೋ ನೋಡುತ್ತಾನೆ. ಕೆಳಗಿನ ಕಾಮೆಂಟುಗಳನ್ನು ಒಂದೂ ಬಿಡದೆ ಓದುತ್ತಾನೆ.

"ಆ ಗಡ್ಡದ ಶೆಫ್ ಅದಾನಲ್ಲ, ಅವನ ಚಾಕು ಜಪಾನಿಂದು," ಎಂದು ನಿನ್ನೆ ಶಾಲೆಯಲ್ಲಿ ಶುರು ಮಾಡಿದ್ದ. "ಅರವತ್ತೇಳು ಪದರ. ಟೊಮೆಟೊಕ್ಕ ತಾನು ಹೋಳಾಗಿದ್ದೂ ಗೊತ್ತಾಗೂದಿಲ್ಲ."

"ಕೆಂಪು ಟೊಪ್ಪಿಗಿ ಶೆಫ್ದು?" ಎಂದು ತರನ್ನುಮ ಕೇಳಿದ್ದಳು.

"ಅದು ಜರ್ಮನೀದು. ಭಾಳ ವಜ್ಜಿ. ಒಬ್ಬಾಂವ ಬರದಾನ, ಅದು ಚಾಕು ಅಲ್ಲ, ಕೊಡ್ಲಿ ಅಂತ. ಇನ್ನೊಬ್ಬಾಂವ ಅವಂಗ ಬೈದಾನ, ನೀ ಕೈಯಾಗ ಹಿಡದು ನೋಡೀಯೇನು ಅಂತ. ಇನ್ನೂರು ಮಂದಿ ಜಗಳಾಡ್ಯಾರ."

"ನೀ ಹಿಡದೀಯೇನು?"

"ನಾ ಓದೇನಿ," ಎಂದ ಕಾಂತು, ಗತ್ತಿನಿಂದ. "ನಮ್ಮ ಇಂಡಿ ಊರ ಸಂತ್ಯಾಗ ಸಿಗೂವು ಬರೀ ತಗಡು."

ತರನ್ನುಮಳ ಬಾಯಿ ಸುಮ್ಮನಿರಲಿಲ್ಲ. "ನಮ್ಮ ದಾದೀದೂ ಜಪಾನಿಂದ ಐತಿ. ಮ್ಯಾಲ ಜಪಾನಿ ಅಕ್ಷರದಾಗ ಹೆಸರೂ ಬರದಾರ."

"ನಾಳಿ ಐತವಾರ. ನೋಡಾಕ ಬರ್ತೇನಿ. ಸುಳ್ಳಾದ್ರ ಇಡೀ ಕ್ಲಾಸಿಗೆ ಹೇಳ್ತೇನಿ."

ಹೇಳಿದಂತೆ ಕಾಂತು ಬಂದ. ಆಗಲೇ ದಾದಿ ಕಟ್ಟೆಯ ಮೇಲೆ ನಿಂಬೆಹಣ್ಣಿನ ಬುಟ್ಟಿ, ಹಲಗೆ, ಚಾಕು ಇಟ್ಟುಕೊಂಡು ಕುಳಿತಿದ್ದರು. ಚಡಚಣದ ಫುಫ್ಫಿಗೆ, ಅಂದರೆ ತರನ್ನುಮಳ ಸೋದರತ್ತೆಗೆ, ಪ್ರತಿವರ್ಷ ಒಂದು ಭರಣಿ ಉಪ್ಪಿನಕಾಯಿ ಹೋಗಲೇಬೇಕು. ಅದನ್ನು ಇವತ್ತೇ ಹಾಕುತ್ತಾರೆಂದು ತರನ್ನುಮಳಿಗೆ ಗೊತ್ತಿರಲಿಲ್ಲ.

"ದಾದಿ, ಚಾಕು ಇತ್ತಾಗ ಕೊಡ್ರಿ, ತೂಕ ನೋಡ್ತೇನಿ," ಎಂದು ಕಾಂತು ಕೈ ಚಾಚಿದ.

"ಚಾಕು ಕೈಯಿಂದ ಕೈಗೆ ಕೊಡೂದಿಲ್ಲಪಾ, ಜಗಳ ಬರ್ತಾವ. ಕೊಡೂದಿದ್ರ ಅವರ ಮುಂದ ಕೆಳಗ ಇಡ್ತೇವಿ, ಅವರ ತಗೋಬೇಕು. ನೀ ಸದ್ಯ ಕಣ್ಣಲೇ ನೋಡು."

"ಮೊಬೈಲ್ನ್ಯಾಗ ಇನ್ನೂರು ಮಂದಿ ಚಾಕು ಸಲುವಾಗಿ ಜಗಳಾಡಾಕತ್ತಾರ್ರಿ ದಾದಿ."

"ಒಬ್ಬರಿಗೊಬ್ಬರು ಕೈಯಾಗ ಕೊಟ್ಟಿರಬೇಕು," ಎಂದರು ದಾದಿ.

ಕಾಂತು ಮೂಗು ತಾಗುವಷ್ಟು ಬಗ್ಗಿ ನೋಡಿದ. "ಅಕ್ಷರ ಖರೇನ ಅದಾವ. ಈ ಹೊಳಪು ನೋಡ್ರಿ. ಇದು ನಮ್ಮ ಕಡೆ ಆಗೂ ಮಾತಲ್ಲ."

ದಾದಿ ಅಕ್ಷರಗಳನ್ನು ನೋಡಿದರು. ಆಮೇಲೆ ತರನ್ನುಮಳ ಬೆರಳ ತುದಿಯ ಕಪ್ಪು ಕಲೆಯನ್ನು ನೋಡಿದರು.

"ಹೌದೇನಪಾ," ಎಂದರಷ್ಟೆ. ಒಂದು ನಿಂಬೆಹಣ್ಣು ತೆಗೆದುಕೊಂಡು ಹೆಚ್ಚಿದರು.

ಸಿಪ್ಪೆಯ ಎಣ್ಣೆ ಚಿಮ್ಮಿತು. ಮೊದಲನೆಯ ಅಕ್ಷರದ ಬಾಲ ಕರಗಿತು. ಹಣ್ಣಿನ ಬಿಳಿ ಹೋಳಿನ ಮೇಲೆ ಕೂದಲಿನಂತಹ ಕಪ್ಪು ಗೆರೆ ಮೂಡಿತು. ಎರಡನೆಯ ಹಣ್ಣಿನಲ್ಲಿ ಗೆರೆ ಇನ್ನೂ ದಪ್ಪವಾಯಿತು.

ಕಾಂತು ಗಮನಿಸಿರಲಿಲ್ಲ. ಅವನು ಅರವತ್ತೇಳು ಪದರಗಳ ಕತೆ ಹೇಳುತ್ತಿದ್ದ. ಸುಮ್ಮನಿದ್ದರೆ ತರನ್ನುಮ ಗೆದ್ದಂತೆಯೇ.

ದಾದಿ ಎರಡೂ ಹಣ್ಣುಗಳನ್ನು ಎತ್ತಿಕೊಂಡು, ತೀರಾ ನಿಧಾನವಾಗಿ, ಭರಣಿಯ ಕಡೆಗೆ ಕೈ ನೀಡಿದರು. ಫುಫ್ಫಿ ವರ್ಷವಿಡೀ ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಉಪ್ಪಿನಕಾಯಿ.

"ದಾದಿ, ತಡಿ. ಹಾಕಬ್ಯಾಡ. ಅದರಾಗ ಮಸಿ ಐತಿ."

ದಾದಿಯ ಕೈ ಅಲ್ಲೇ ನಿಂತಿತು. ಕಾಂತು ಬಾಯಿ ತೆರೆದುಕೊಂಡು ತಿರುಗಿದ.

"ಆ ಅಕ್ಷರ ನಾನ ಬರದದ್ದು," ಎಂದಳು ತರನ್ನುಮ, ನೆಲ ನೋಡುತ್ತ. "ತಮ್ಮನ ಆಟಿಗಿ ಕಾರಿನ ಡಬ್ಬಿ ಮ್ಯಾಲಿಂದು ನೋಡಿ."

"ಅಂದ್ರ ಚಾಕು ಮ್ಯಾಲ ಏನ್ ಬರದಂಗಾತು?" ಎಂದು ಕಾಂತು ಕೇಳಿದ.

"ಎರಡು ಸೆಲ್ ಹಾಕ್ರಿ ಅಂತ ಇರಬೇಕು."

ದಾದಿಗೆ ನಗು ಉಕ್ಕಿತು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಹಂಗಾರ ಇದು ಎಲ್ಲೀದ್ರಿ?" ಎಂದ ಕಾಂತು.

"ಬಸ್ ಸ್ಟ್ಯಾಂಡ್ ಹಿಂದ ಕಂಬಾರ ಧರೆಪ್ಪ ಇದ್ದನಲ್ಲ, ಅವ ಮಾಡಿದ್ದು. ಲಾರಿ ಕೆಳಗ ಇರ್ತಾವಲ್ಲ ಕಬ್ಬಿಣದ ಪಾಟಾ, ಹಳೇದೊಂದು ಕಾಸಿ ಬಡದ."

"ಎಷ್ಟು ಪದರ?"

"ಪದರ ಎಣಿಸಿಲ್ಲಪಾ. ಮದುವಿ ಎಣಿಸೇನಿ. ನಾಕುನೂರು ದಾಟ್ಯಾವ."

ಕಾಂತು ಚಾಕುವಿನ ಕಡೆಗೆ ಇನ್ನೊಮ್ಮೆ ಬಗ್ಗಿ ನೋಡಿದ.

ದಾದಿ ಕೆಟ್ಟ ಹಣ್ಣುಗಳ ಸಿಪ್ಪೆಯಿಂದಲೇ ಚಾಕುವನ್ನು ತಿಕ್ಕಿದರು. ಐದೂ ಅಕ್ಷರಗಳು ಹೋದವು. ಸೋಪು ಹಚ್ಚಿ ತೊಳೆದು, ಒರೆಸಿ, ಕಾಂತುವಿನ ಕೈಗೆ ಬಟ್ಟೆ ಕೊಟ್ಟರು. "ನೀ ಹಣ್ಣು ಒರಸು."

"ಸೋಮವಾರ ಕ್ಲಾಸಿಗೆ ಏನ್ ಹೇಳ್ಲಿ?" ಎಂದು ಕಾಂತು ತರನ್ನುಮಳ ಕಿವಿಯಲ್ಲಿ ಕೇಳಿದ.

"ಆದದ್ದ ಹೇಳು."

ಆಗ ದಾದಿ ಚಾಕುವನ್ನು ಹಲಗೆಯ ಮೇಲೆ ಇಟ್ಟರು. ತಮ್ಮ ಮುಂದಲ್ಲ, ತರನ್ನುಮಳ ಮುಂದೆ. ಅವಳು ಕಾದಳು. ದಾದಿ ಅದನ್ನು ಮತ್ತೆ ಎತ್ತಿಕೊಳ್ಳಲಿಲ್ಲ.

"ಕದ್ದು ಬರ್ಯಾಕ ಬಂತು. ಹೆಚ್ಚಾಕ ಬರ್ತೈತೇನು ನೋಡೂಣು. ತಳ ಕಡೀಬ್ಯಾಡ, ನಾಕೂ ಹೋಳು ಕೂಡೇ ಇರಬೇಕು."

ತರನ್ನುಮ ಚಾಕು ಹಿಡಿದಳು. ಮರದ ಹಿಡಿಯಲ್ಲಿ ದಾದಿಯ ಬೆರಳುಗಳಿಂದ ಸವೆದ ನಾಲ್ಕು ತಗ್ಗುಗಳಿದ್ದವು. ದೂರದಿಂದ ನೋಡಿದರೆ ಅವು ಕಾಣುತ್ತಿರಲಿಲ್ಲ. ತರನ್ನುಮಳ ಬೆರಳುಗಳು ಅವುಗಳಲ್ಲಿ ಕುಳಿತವು, ಆದರೆ ಇನ್ನೂ ತುಂಬುತ್ತಿರಲಿಲ್ಲ.

ಅವಳು ಬುಟ್ಟಿಯಿಂದ ಒಂದು ಹಣ್ಣು ತೆಗೆದುಕೊಂಡಳು.