ಬೂದು ಪರದೆಯ ಹಿಂದೆ ಅಮ್ಮ

ಚೈತ್ರ ತಲೆ ಎತ್ತಿ ನೋಡಿದ್ದೇ ತಡ, ನಾಗಭೂಷಣನ ಕೈಯಲ್ಲಿದ್ದ ಮೊಬೈಲು ಜಾರಿ ಕಡಲೆಕಾಯಿ ಎಣ್ಣೆ ಡಬ್ಬಕ್ಕೆ ಬಿತ್ತು. ಅಂಥ ಕಣ್ಣು ಅವಳದು! ಶಿರಾದಿಂದ ಪಾವಗಡದವರೆಗೆ ಜರಡಿ ಹಿಡಿದರೂ ಇನ್ನೊಂದು ಜೊತೆ ಸಿಗದು.

"ಗಾಣಕ್ಕೆ ಆ್ಯಪ್ ಮಾಡಕ್ಕೆ ಬಂದೋರು, ಮೊದಲು ಫೋನ್ ಹಿಡ್ಕೊಳೋದು ಕಲೀರಿ," ಅಂದಳು.

ಅವನ ಫೋನು ರಿಪೇರಿಗೆ ಹೋಯಿತು. ಅವಳ ಫೋನಿನಲ್ಲೇ ಕೆಲಸ ಶುರುವಾಯಿತು, ಪ್ರೀತಿಯೂ.

ಅವಳು ಕೇಳಿದ್ದು ಒಂದೇ. ಹೋದ ವರ್ಷ ತೀರಿಹೋದ ಅಮ್ಮ ಶಿವರುದ್ರಮ್ಮ ಗಾಣದ ಮುಂದೆ ನಗುತ್ತಾ ನಿಂತ ಫೋಟೋ. ಆ್ಯಪ್ ತೆರೆದ ಕೂಡಲೇ ಪರದೆ ತುಂಬ ಅದೇ ಕಾಣಬೇಕು.

"ಗಾಣ ಕಟ್ಟಿದೋಳು ಅಮ್ಮ. ಗಿರಾಕಿಗಳು ಮೊದಲು ಅವಳನ್ನ ನೋಡ್ಲಿ."

"ನನ್ನಾಣೆಗೂ ಹಾಕ್ತೀನಿ."

ಅಮ್ಮನ ವರ್ಷದ ಪುಣ್ಯತಿಥಿಯ ದಿನ ಚೈತ್ರ ಆ್ಯಪ್ ತೆರೆದಳು. ಬೂದಿ ಬಣ್ಣದ ಖಾಲಿ ಪರದೆ...

ಫೋನ್ ಮಾಡಿದಳು. "ಫೋಟೋ ಹಾಕ್ದ್ಯಾ?"

"ನಿನ್ನೆ ರಾತ್ರೀನೇ ಹಾಕ್ದೆ. ಚೆನ್ನಾಗೈತಲ್ಲ?"

ಅಮ್ಮನ ಹೆಸರಲ್ಲೂ ಸುಳ್ಳಾ... ಪಟ್ಟನೆ ಕಟ್ ಮಾಡಿದಳು. ಅವನ ನಂಬರೂ ಬ್ಲಾಕ್ ಆಯಿತು. ಗಾಣದ ಬಾಗಿಲಿಗೆ ಮೂರು ಸಲ ಬಂದ. ಮೂರೂ ಸಲ ಒಳಗೆ ಹೋಗಿ ಕದ ಹಾಕಿಕೊಂಡಳು.

ಆ ತಿಂಗಳು ಅವಳು ಅತ್ತ ನೀರನ್ನು ಮದಲೂರು ಕೆರೆಗೆ ಬಿಟ್ಟಿದ್ದರೆ ಕೋಡಿ ಬೀಳುತ್ತಿತ್ತು. ಕೊನೆಗೆ ಅಪ್ಪ ಶಂಕರಲಿಂಗಪ್ಪ, "ಭಾನುವಾರ ಕೊರಟಗೆರೆಯೋರು ನಿನ್ನ ನೋಡಕ್ಕೆ ಬರ್ತಾರೆ" ಅಂದಾಗ, ಹೂಂ ಅಂತ ತಲೆಯಾಡಿಸಿದಳು.

ಶನಿವಾರ ಗೌಡಗೆರೆ ಹನುಮಕ್ಕ ಎಣ್ಣೆಗೆ ಬಂದಳು.

"ಫೋನಲ್ಲೇ ಎರಡು ಲೀಟರ್ ಹೇಳಿದ್ನಲ್ಲವ್ವ, ನೋಡು."

ಆ ಫೋನಿನ ತುಂಬ ಅಮ್ಮ ನಗುತ್ತಿದ್ದಳು.

ಚೈತ್ರ ಆ ಫೋನನ್ನು ಕಿತ್ತುಕೊಂಡಳು. "ಇದು... ಯಾವಾಗಿಂದ?"

"ತಿಂಗಳಾತು ಕಣಮ್ಮ. ನಿಮ್ಮವ್ವನ್ನ ಮಾತಾಡ್ಸೇ ನಾನು ಎಣ್ಣೆ ಹೇಳೋದು. ಊರೆಲ್ಲ ನೋಡೈತೆ, ನೀನು ನೋಡಿಲ್ವಾ?"

ತನ್ನದು ತೆರೆದಳು. ಅದೇ ಬೂದಿ.

ಬ್ಲಾಕ್ ತೆಗೆದು ನಾಗಭೂಷಣನಿಗೆ ಫೋನ್ ಮಾಡಿದಳು. ಒಂದೇ ರಿಂಗಿಗೆ ಎತ್ತಿದ. ಅವಳು ಎಲ್ಲ ಹೇಳಿದಳು.

"ಪರೀಕ್ಷೆಗೆ ಅಂತ ಮೊದಲು ಬೂದು ಚಿತ್ರ ಹಾಕಿದ್ದೆ," ಅಂದ ಅವನು. "ಆಗ ಆ್ಯಪ್ ಇದ್ದಿದ್ದು ನಿನ್ನ ಫೋನಲ್ಲಿ ಮಾತ್ರ. ನಂದು ಎಣ್ಣೆ ಕುಡಿದು ಮಲಗಿತ್ತಲ್ಲ. ಆಮೇಲೆ ಅದೇ ಜಾಗದಲ್ಲಿ, ಅದೇ ಹೆಸರಲ್ಲಿ ಅಮ್ಮನ ಫೋಟೋ ಇಟ್ಟೆ. ನಿನ್ನ ಫೋನು ಹಳೇದನ್ನೇ ಎತ್ತಿಟ್ಕೊಂಡು ಹೊಸದೇನಾದ್ರೂ ಬಂದೈತಾ ಅಂತ ಕೇಳ್ಲೇ ಇಲ್ಲ. ಹೆಸರು ಬದಲಾಯಿಸ್ಬೇಕಿತ್ತು, ತಪ್ಪು ನಂದೇ."

"ನಾನೂ ಕೇಳ್ಲಿಲ್ವಲ್ಲ..."

"ಆ್ಯಪ್ ತೆಗೆದು, ಮತ್ತೆ ಹಾಕು."

ಹಾಕಿದಳು. ನೆಟ್‌ವರ್ಕು ಆಮೆಗೆ ಅಣ್ಣ. ಮೇಲಿಂದ ಒಂದೊಂದೇ ಗೆರೆ ಇಳಿಯತೊಡಗಿತು.

"ಬಂತಾ?"

"ಹಣೆ ವಿಭೂತಿ ಬಂತು."

"ಕಾಯ್ತೀನಿ."

"ನಾಳೆ ಕೊರಟಗೆರೆಯೋರು ನನ್ನ ನೋಡಕ್ಕೆ ಬರ್ತಾರೆ."

ಅವನು ಬಾಯಿ ತೆರೆಯುವ ಮೊದಲೇ ಅವಳೇ ಮುಂದುವರಿಸಿದಳು.

"ಬೇಡ ಅಂತ ಅಪ್ಪಂಗೆ ಈಗ್ಲೇ ಹೇಳ್ತೀನಿ. ನಾಳೆ ನೀನು ಬಾ."

"...ಚೈತ್ರಾ, ಈಗ ಏನು ಕಾಣ್ತೈತೆ?"

ಅವಳು ಕಣ್ಣೊರೆಸಿಕೊಂಡಳು. "ಅಮ್ಮ ನಗ್ತಾ ಅವ್ಳೆ. ಫೋನ್ ಗಟ್ಟಿಯಾಗಿ ಹಿಡ್ಕೊಂಡ್ ಬಾ."