ಸಾವಿರಕ್ಕೆ ಒಬ್ಬ ಕಡಿಮೆ

ಥೆಲ್ಮಾಳನ್ನು ನಾನು ಮೊದಲ ಸಲ ನೋಡಿದ್ದು ಸಿಟ್ಟಿನಲ್ಲಿ. ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಅವಳು ನನ್ನ ಅಣ್ಣನ ಹೆಸರಿನ ಮೇಲೆ ಗೀಟು ಎಳೆಯುತ್ತಿದ್ದಳು.

ಅದು 1960ರ ಏಪ್ರಿಲ್. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಗೆಂದು ನಮ್ಮ ಊರು ಕೆಲ್‌ಬ್ರೂಕ್‌ನ ಮನೆಮನೆಗೂ ಅವಳನ್ನು ಕಳಿಸಿದ್ದರು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಾಗ ಅಮ್ಮ ಮೂವರು ಎಂದಿದ್ದಳು: ತಾನು, ನಾನು, ಅಣ್ಣ ಲ್ಯಾಡ್. ಲ್ಯಾಡ್ ಕೊರಿಯಾದ ಯುದ್ಧಕ್ಕೆ ಹೋದವನು ಹೆಚ್ಚುಕಡಿಮೆ ಹತ್ತು ವರ್ಷದಿಂದ ಪತ್ತೆ ಇರಲಿಲ್ಲ. ಸತ್ತನೆಂದೇ ತಿಳಿಯಬೇಕು ಎಂದು ಸೇನೆಯವರು ಕಾಗದ ಬರೆದಿದ್ದರು. ಅಮ್ಮ ಅದನ್ನು ಓದಿ, ಹಿಟ್ಟಿನ ಡಬ್ಬಿಯ ಕೆಳಗಿಟ್ಟು, ಊಟಕ್ಕೆ ಮೂರು ತಟ್ಟೆ ಹಾಕುವುದನ್ನು ಬಿಡದೆ ನಡೆಸಿಕೊಂಡು ಬಂದಿದ್ದಳು.

ಗೋಧಿ ಉಗ್ರಾಣದ ಕೆಲಸ ಮುಗಿಸಿ ಮೈತುಂಬ ಧೂಳು ಹೊತ್ತು ಬಂದ ನಾನು ಬಾಗಿಲಲ್ಲೇ ನಿಂತೆ.

"ಅದನ್ನ ಯಾಕೆ ಹೊಡೆದುಹಾಕ್ತಿದ್ದೀರಿ?"

"ಏಪ್ರಿಲ್ ಒಂದನೇ ತಾರೀಕು ಈ ಮನೇಲಿ ವಾಸ ಇದ್ದೋರನ್ನ ಮಾತ್ರ ಬರ್ಕೋಬೇಕು. ನಿಮ್ಮಮ್ಮ ಆಮೇಲೆ ನಿಜ ಹೇಳಿದ್ರು."

"ಕೈಗೆ ಪೆನ್ಸಿಲ್ ಸಿಕ್ಕ ತಕ್ಷಣ ದೇವರಾಗಿಬಿಟ್ರಾ?"

ಅವಳು ತಲೆ ಎತ್ತಿದಳು. ಬೂದು ಕಣ್ಣುಗಳು, ಮೂಗಿನ ತುದಿಯಲ್ಲಿ ಪೆನ್ಸಿಲ್ಲಿನ ಮಸಿ. ಆ ಮಸಿ ನೋಡಿ ನನಗೆ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟು ಇನ್ನೂ ಹೆಚ್ಚಾಯಿತು.

"ದೇವರಾಗಿದ್ರೆ ಗೀಟು ಎಳೀತಿರ್ಲಿಲ್ಲ," ಎಂದಳು. "ಹೋಗಿ ಕೈ ತೊಳ್ಕೊಳ್ಳಿ. ನಿಮ್ಮ ಕಾಫಿ ಆರ್ತಿದೆಯಂತೆ."

ಜೂನ್ ತಿಂಗಳಲ್ಲಿ ಎಣಿಕೆ ಹೊರಬಿತ್ತು: ಒಂಬೈನೂರ ತೊಂಬತ್ತೊಂಬತ್ತು.

ಊರ ಬಾಗಿಲಲ್ಲಿ ಒಂದು ಬೋರ್ಡು ಇತ್ತು. ರೈಲು ಬಂದ ವರ್ಷ, ಊರು ಹುಟ್ಟಿದ ವರ್ಷ, ಅದರ ಕೆಳಗೆ ಜನಸಂಖ್ಯೆ. ನನ್ನ ಅಜ್ಜ ಸಮುದ್ರದಾಚೆಯ ಬೊಹೀಮಿಯಾದಿಂದ ಬಂದಿಳಿದಾಗ ಮುನ್ನೂರಿತ್ತಂತೆ. ಅಪ್ಪನ ಮದುವೆಯ ಹೊತ್ತಿಗೆ ಸಾವಿರದ ಎಂಟುನೂರು. ಸಾವಿರಕ್ಕಿಂತ ಕೆಳಗಿಳಿದರೆ ಕಾನೂನಿನ ಪ್ರಕಾರ ನಗರವೆಂಬ ಹೆಸರು ಹೋಗಿ ಕೆಲ್‌ಬ್ರೂಕ್ ಹಳ್ಳಿಯಾಗುತ್ತಿತ್ತು. ಗ್ರೋವರ್ ಪ್ರಾಟ್‌ನ ಮೇಯರ್ ಕುರ್ಚಿಯೂ ಅದರ ಜೊತೆ ಹೋಗುತ್ತಿತ್ತು.

ಪ್ರಾಟ್ ನಮ್ಮ ಮನೆಗೆ ಬಂದು ಟೋಪಿ ತೆಗೆದು ಕುಳಿತ.

"ಹ್ರುಸ್ಕಾ ಅಮ್ಮ, ಒಂದು ಸಹಿ ಹಾಕಿ. ನಿಮ್ಮ ಲ್ಯಾಡ್ ಬದುಕಿದಾನೆ, ಇದೇ ಮನೇಲಿ ಇದಾನೆ ಅಂತ. ಆ ಹುಡುಗಿ ಗಡಿಬಿಡೀಲಿ ತಪ್ಪು ಮಾಡಿದಾಳೆ, ಅಷ್ಟೇ."

ಹತ್ತು ವರ್ಷದಲ್ಲಿ ಒಬ್ಬರೂ ಅಮ್ಮನಿಗೆ ಆ ಮಾತು ಹೇಳಿರಲಿಲ್ಲ. ಅವಳು ಎದ್ದು ಮುಖ ತೊಳೆದು, ಭಾನುವಾರ ಇಗರ್ಜಿಗೆ ಹೋಗುವಾಗ ಉಡುವ ಉಡುಪನ್ನು ಹಾಕಿಕೊಂಡು ಬಂದು ಸಹಿ ಹಾಕಿದಳು. ನಾನು ಹಿತ್ತಲಿಗೆ ಹೋಗಿ ಕೊಡಲಿ ಹಿಡಿದು, ಮನೆ ಬೆಚ್ಚಗಿಡುವ ಒಲೆಯೇ ಉರಿಯದ ಬೇಸಿಗೆಯಲ್ಲಿ, ಒಂದು ಬಂಡಿ ಸೌದೆ ಒಡೆದೆ.

ಆ ಕಾಗದಕ್ಕೆ ಥೆಲ್ಮಾಳ ಸಹಿಯೂ ಬೇಕಿತ್ತು. ಅವಳು ಹಾಕುವುದಿಲ್ಲ ಎಂದಳು.

ಆ ಭಾನುವಾರ ಇಗರ್ಜಿಯ ನೆಲಮಾಳಿಗೆಯಲ್ಲಿ ಸಾಮೂಹಿಕ ಊಟ. ಥೆಲ್ಮಾ ಕುಳಿತ ಉದ್ದ ಮೇಜಿನಿಂದ ಒಬ್ಬೊಬ್ಬರೇ ತಟ್ಟೆ ಎತ್ತಿಕೊಂಡು ಎದ್ದರು. ಕಡೆಗೆ ಅವಳೊಬ್ಬಳೇ ಉಳಿದಳು. ಅವಳು ಹಂದಿಮಾಂಸವನ್ನು ಸಣ್ಣ ಸಣ್ಣ ಚೂರು ಮಾಡುತ್ತಿದ್ದಳು, ಒಂದನ್ನೂ ಬಾಯಿಗಿಡುತ್ತಿರಲಿಲ್ಲ.

"ಊರನ್ನೆಲ್ಲ ಎಣಿಸಿದ ಮಹಾರಾಣಿ," ಎಂದ ಪ್ರಾಟ್ ಎಲ್ಲರಿಗೂ ಕೇಳುವಂತೆ. "ತಾನೇ ಈ ಊರೋಳಲ್ಲ. ಅವರಪ್ಪನ ಹೊಲ ಗಡಿಯಿಂದಾಚೆ."

ನಾಲ್ಕು ಜನ ನಕ್ಕರು. ಅವಳ ಕಿವಿ ಕೆಂಪಾಯಿತು. ಆದರೆ ಬೂದು ಕಣ್ಣುಗಳು ಕೆಳಗಿಳಿಯಲಿಲ್ಲ; ನೇರವಾಗಿ ನನ್ನನ್ನೇ ನೋಡಿದವು, ನೀನೂ ನಗು, ನೋಡೋಣ ಎಂಬಂತೆ.

ನಾನು ಎದ್ದು ನಿಂತೆ.

"ಲ್ಯಾಡ್ ಹೊರಟ ದಿನ ಸ್ಟೇಷನ್‌ಗೆ ನಿಮ್ಮಲ್ಲಿ ಎಷ್ಟು ಜನ ಬಂದಿದ್ರಿ? ಹತ್ತು ವರ್ಷದಲ್ಲಿ ಅವನ ಹೆಸರಿಗೆ ಒಂದು ಮೇಣದಬತ್ತಿ ಹಚ್ಚಿದೋರು ಯಾರಾದ್ರೂ ಇದ್ರೆ ಕೈ ಎತ್ತಿ. ಈಗ ಬೋರ್ಡಿಗೆ ಒಬ್ಬ ಬೇಕು ಅಂತ ಅವನನ್ನ ಎಬ್ಬಿಸ್ತೀರಾ?"

"ಎಮಿಲ್, ನಿಮ್ಮಮ್ಮನ ಮುಂದೆ..." ಎಂದ ಪ್ರಾಟ್.

"ಅಮ್ಮನ ಹೆಸರು ಎತ್ತಬೇಡ ಗ್ರೋವರ್."

ಆಗ ಅಮ್ಮ ಎದ್ದಳು. ಅಲ್ಲಿಯೂ ಅವಳು ಪಕ್ಕದ ಖಾಲಿ ಜಾಗಕ್ಕೆ ಒಂದು ತಟ್ಟೆ ಬಡಿಸಿಟ್ಟಿದ್ದಳು. ಮೇಲೊಂದು ಗಸಗಸೆಯ ಕೊಲಾಚ್, ಲ್ಯಾಡ್‌ಗೆ ಇಷ್ಟವಾದ ಬನ್ನು. ಆ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಸಭೆಯನ್ನು ದಾಟಿ ಹೋಗಿ ಥೆಲ್ಮಾಳ ಮುಂದೆ ಇಟ್ಟಳು.

"ತಿನ್ನು ಮಗು. ತಣ್ಣಗಾಗುತ್ತೆ."

ಹಿಂದಿರುಗುವಾಗ ಪ್ರಾಟ್‌ನ ಎದುರು ನಿಂತು ಕೈ ಚಾಚಿದಳು. ಅವನು ಕೋಟಿನ ಜೇಬಿನಿಂದ ಸಹಿಯ ಕಾಗದ ತೆಗೆದು ಕೊಟ್ಟ.

ಊಟವಾದ ಮೇಲೆ ಥೆಲ್ಮಾಳನ್ನು ಬಿಡಲು ಗಡಿಯವರೆಗೆ ನಡೆದೆ. ಬೋರ್ಡಿನ ಹತ್ತಿರ ಅವಳು ನಿಂತಳು.

"ಇನ್ನೂ ನನ್ನ ಮೇಲೆ ಸಿಟ್ಟಾ?"

"ಹೌದು."

"ನಂಗೂ ನಿಮ್ಮ ಮೇಲೆ ಸಿಟ್ಟಿದೆ. ದೇವರು ಅಂದ್ರಲ್ಲ."

"ನೀವೊಬ್ರು ಗಡಿ ಒಳಗೆ ಬಂದ್ರೆ ಸಾವಿರ ಆಗುತ್ತೆ," ಎಂದೆ.

"ಬೋರ್ಡು ತುಂಬಿಸೋಕೆ ನಾನಾ?"

"ಬೋರ್ಡು ಹಾಳಾಗ್ಲಿ. ನಮ್ಮನೇಲಿ ಒಂದು ತಟ್ಟೆ ಖಾಲಿ ಇದೆ."

"ಅದು ಲ್ಯಾಡ್ ತಟ್ಟೆ. ಅದರ ಮುಂದೆ ನಾನು ಕೂರಲ್ಲ. ನಂಗೆ ಬೇರೆ ತನ್ನಿ."

"ತರ್ತೀನಿ."

"ನೀಲಿ ಅಂಚಿಂದು," ಎಂದು ತಿರುಗಿ ನೋಡದೆ ಹೊರಟಳು. ಹತ್ತು ಹೆಜ್ಜೆಯಾದ ಮೇಲೆ ತಿರುಗಿ ನೋಡಿದಳು.

ಊರು ಹಳ್ಳಿಯಾಯಿತು. ಬೋರ್ಡಿನ ಸಂಖ್ಯೆ ಮತ್ತೆಂದೂ ಸಾವಿರ ಮುಟ್ಟಲಿಲ್ಲ. ರೈಲು ನಿಂತಿತು, ಶಾಲೆ ಮುಚ್ಚಿತು, ಅಮ್ಮ ಹೋದಳು. ಥೆಲ್ಮಾ ಅರವತ್ತು ವರ್ಷ ನನ್ನೊಡನೆ ಜಗಳವಾಡಿದಳು: ಜಪಮಾಲೆಯನ್ನು ಅವಸರವಾಗಿ ಮುಗಿಸುತ್ತೀ ಎಂದು, ಬೂಟಿನ ಮಣ್ಣು ಒಳಗೆ ತರುತ್ತೀ ಎಂದು. ನಾನು ಸುಳ್ಳು ಹೇಳಿದ ದಿನ ಮಾತ್ರ ಜಗಳವಾಡುತ್ತಿರಲಿಲ್ಲ. ಸುಮ್ಮನಿರುತ್ತಿದ್ದಳು. ಅದಕ್ಕೆ ನಾನು ಹೆದರುತ್ತಿದ್ದೆ.

2020ರ ಮಾರ್ಚ್ ಮೂವತ್ತರಂದು ಅವಳು ತೀರಿಕೊಂಡಳು. ಆ ವರ್ಷದ ಸೋಂಕಿನ ಭಯಕ್ಕೆ ಇಗರ್ಜಿಯ ಬಾಗಿಲು ಹಾಕಿತ್ತು. ಹೂಳುವಾಗ ಪಾದ್ರಿಯೂ ಸೇರಿ ಐದೇ ಜನ.

ನಾನು ದಿನವೂ ಪ್ರಾರ್ಥನೆ ಮಾಡುತ್ತೇನೆ. ಹಲ್ಲು ಕಚ್ಚಿಕೊಂಡು ಮಾಡುತ್ತೇನೆ. ಜಗತ್ತನ್ನು ಆರು ದಿನದಲ್ಲಿ ಮಾಡಿದವನಿಗೆ ಇನ್ನೆರಡು ದಿನ ಕೊಡುವುದು ಭಾರವಾಯಿತೇ ಎಂದು ಕೇಳುತ್ತೇನೆ.

ಆಗಸ್ಟ್‌ನಲ್ಲಿ ಜನಗಣತಿಯ ಹೆಂಗಸು ಬಂದಳು. ಮುಖಕ್ಕೆ ಮಾಸ್ಕು, ಹೊರಗಿನ ಮೆಟ್ಟಿಲ ಮೇಲೆ ನಿಂತೇ ಕೇಳಿದಳು.

"ಏಪ್ರಿಲ್ ಒಂದನೇ ತಾರೀಕು ಈ ಮನೇಲಿ ಎಷ್ಟು ಜನ ಇದ್ರಿ?"

ತೆರೆದ ಬಾಗಿಲಿನಿಂದ ಅವಳಿಗೆ ಮೇಜು ಕಾಣುತ್ತಿತ್ತು. ಅದರ ಮೇಲೆ ಎರಡು ತಟ್ಟೆ, ಒಂದಕ್ಕೆ ನೀಲಿ ಅಂಚು.

"ಎರಡು ಅಂತ ಬರ್ಕೊಳ್ಳಲಾ ಅಜ್ಜ?"

ನನ್ನ ನಾಲಿಗೆಯ ಮೇಲೆ ಎರಡು ಎಂಬ ಮಾತು ಬಂದು ಕುಳಿತಿತ್ತು. ಆ ಹೆಂಗಸು ಒಳಗೆ ಬಂದು ಪರೀಕ್ಷಿಸುತ್ತಿರಲಿಲ್ಲ. ಯಾರಿಗೂ ನಷ್ಟವಿರಲಿಲ್ಲ. ಹತ್ತು ವರ್ಷ ಬೋರ್ಡಿನ ಸಂಖ್ಯೆಯೊಳಗೆ ಥೆಲ್ಮಾ ಇರುತ್ತಿದ್ದಳು.

"ಒಂದು," ಎಂದೆ.

"ಸರಿಯಾಗಿ ನೆನಪಿದೆಯಾ?"

"ಇದೆ. ಒಂದು. ಬರ್ಕೊಂಡು ಹೋಗಮ್ಮ."

ಬಾಗಿಲು ಹಾಕಿ ಬಂದು ನೀಲಿ ಅಂಚಿನ ತಟ್ಟೆಯ ಎದುರು ಕುಳಿತೆ. ಮನೆ ಸುಮ್ಮನಿತ್ತು.

"ನಿಜಾನೇ ಹೇಳ್ದೆ ಥೆಲ್ಮಾ," ಎಂದೆ. "ಇನ್ನಾದ್ರೂ ಬೈಯೇ. ಬೂಟಲ್ಲಿ ಮಣ್ಣಿದೆ, ನೋಡು."