ಲಾಳಿಯ ಸದ್ದು

ಕಲ್ಲಯ್ಯಜ್ಜನನ್ನು ಯಾರೋ ಲಾಳಿಯಿಂದ ಹೊಡೆದು ಕೊಂದಿದ್ದರು. ಪರ್ಕಳದಲ್ಲಿ, ಕೃಷ್ಣಪ್ರಸಾದರ ಮನೆಯ ಮಹಡಿ ಕೋಣೆಯಲ್ಲಿ, ಗೋಡೆಯ ಮೇಲಿನ ಗಿರಣಿಯ ಹಳೆಯ ಫೋಟೋ ನೋಡುತ್ತ ಬಾಗಿಲಿಗೆ ಬೆನ್ನು ಹಾಕಿ ಕುಳಿತಂತೆಯೇ ಹೆಣವಾಗಿದ್ದ. ಎರಡೂ ತುದಿಗೆ ಕಬ್ಬಿಣ ಬಡಿದ ಆ ಮಗ್ಗದ ಲಾಳಿ ಅಷ್ಟು ದಿನ ಅಲ್ಲಿ ಪ್ರದರ್ಶನಕ್ಕಿತ್ತು. ಈಗ ರಕ್ತ ಮೆತ್ತಿಕೊಂಡು ನೆಲದಲ್ಲಿ ಬಿದ್ದಿತ್ತು.

ದಾವಣಗೆರೆಯ ಬಟ್ಟೆ ಗಿರಣಿಯೊಂದು ಮುಚ್ಚಿದ ಮೇಲೆ ಹೊಟ್ಟೆಪಾಡಿಗೆ ಇತ್ತ ಬಂದ ಕುಟುಂಬಗಳು ಭಾನುವಾರ ಆ ಕೋಣೆಯಲ್ಲಿ ಸೇರುತ್ತಿದ್ದವು. ಒಬ್ಬರು ನೆನಪು ಹೇಳಿದರೆ ಇನ್ನೊಬ್ಬರು ಪದ ಕಟ್ಟುತ್ತಿದ್ದರು. ಕೃಷ್ಣಪ್ರಸಾದರು ಎಲ್ಲವನ್ನೂ ಪುಸ್ತಕ ಮಾಡುತ್ತಿದ್ದರು. ಅವರ ತಂದೆ ಆ ಗಿರಣಿಯ ಮ್ಯಾನೇಜರಾಗಿದ್ದವರು. ಬಂಗಲೆಯಲ್ಲಿ ಬೆಳೆದ ಮಗನಿಗೆ ಆ ತಂದೆಯೆಂದರೆ ದೇವರು.

ಮರುದಿನ ಬೆಳಿಗ್ಗೆ ಅಜ್ಜನ ಮಗಳು ದ್ರಾಕ್ಷಾಯಿಣಿ ರಮಾಮಣಿಯವರ ಜಗಲಿಯಲ್ಲಿ ಕುಸಿದಳು. ರಮಾಮಣಿ ಉಡುಪಿಯ ಕೋರ್ಟಿನಲ್ಲಿ ಆಯುಷ್ಯವಿಡೀ ಸಾಕ್ಷಿಗಳ ಮಾತು ಟೈಪು ಮಾಡಿ ನಿವೃತ್ತರಾದವರು. ಪರ್ಕಳದ ಜನ ಕಷ್ಟ ಬಂದರೆ ಠಾಣೆಗಿಂತ ಮೊದಲು ಅವರ ಮನೆಯ ಗೇಟು ತೆಗೆಯುತ್ತಿದ್ದರು. ಪಕ್ಕದ ಮನೆಯ ಒಲಿಂಡಾ, ಮಾಜಿ ನರ್ಸಮ್ಮ, ಕರೆಯದಿದ್ದರೂ ಅಲ್ಲಿರುತ್ತಿದ್ದಳು.

"ಪೊಲೀಸ್ರು ನನ್ನ ಗಂಡನ್ನ ಹಿಡ್ಕೊಂಡು ಹೋಗ್ಯಾರ್ರಿ ಅಮ್ಮಾರ! ಯಮನೂರ ಹಂಗ ಮಾಡೋರಲ್ಲ. ಅಪ್ಪನೂ ಹೋದ, ಇವರೂ ಹೋದ್ರ ನನಗ ಯಾರದಾರ್ರಿ?"

ಮೂವರೂ ಠಾಣೆಗೆ ಹೋದರು. ದ್ರಾಕ್ಷಾಯಿಣಿಯನ್ನು ಅಂಗಳದಲ್ಲೇ ತಡೆದರು. ಅವಳು ಲಾಕಪ್ಪಿನ ಕಿಟಕಿಯತ್ತ ಮುಖ ಮಾಡಿ ಸದ್ದಿಲ್ಲದೆ ತುಟಿ ಆಡಿಸತೊಡಗಿದಳು. ಪಾಪ, ಯಾವುದೋ ಮಂತ್ರ ಹೇಳುತ್ತಿದ್ದಾಳೆ ಎಂದು ಒಲಿಂಡಾ ತಾನೂ ಶಿಲುಬೆ ಗುರುತು ಮಾಡಿಕೊಂಡಳು. ಕಿಟಕಿಯೊಳಗೆ ಯಮನೂರ ತಲೆಯಾಡಿಸಿದ. ರಮಾಮಣಿ ಇಬ್ಬರನ್ನೂ ನೋಡುತ್ತ ನಿಂತರು.

ಎಸ್‌ಐ ಜಿತೇಶ್‌ಗೆ ಅನುಮಾನವೇ ಇರಲಿಲ್ಲ. "ನಿನ್ನೆ ಸಂಜೆ ಮಾವ ಅಳಿಯನಿಗೆ ಜಗಳ ಆಗಿದೆ ಮೇಡಂ. ಗಿರಣಿಯ ಹಳೇ ಸಂಗತಿ ಎತ್ತಬೇಡಿ, ಕೃಷ್ಣಪ್ರಸಾದರು ಕೊಟ್ಟ ಬಾಡಿಗೆ ಕೋಣೆ ಹೋಗ್ತದೆ ಅಂತ ಇವನು ಕೂಗಾಡಿದ್ದಾನೆ. ಆಮೇಲೆ ಕರೆಂಟು ಹೋಯಿತು. ಕೃಷ್ಣಪ್ರಸಾದರು ಮೆಟ್ಟಿಲಲ್ಲಿ ನಿಂತು, 'ಕಲ್ಲಯ್ಯ, ದೀಪ ತರಲಾ?' ಅಂತ ಕೇಳಿದ್ದಾರೆ. 'ಬೇಡ, ಯಮನೂರ ಇದಾನೆ' ಅಂತ ಕತ್ತಲಲ್ಲೇ ಉತ್ತರ ಬಂದಿದೆ. ಇನ್ನೆಂತ ಬೇಕು?"

"ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ," ಎಂದರು ರಮಾಮಣಿ. "ಇದು ಬರೀ ಕಿವಿಯಲ್ಲಿ ಕೇಳಿದ್ದು."

ದಾರಿಯಲ್ಲಿ ಒಲಿಂಡಾ ಗೊಣಗಿದಳು. "ಸತ್ತವರ ಬಗ್ಗೆ ಹೇಳಬಾರದು. ಆದರೂ ಅಜ್ಜನಿಗೆ ಸ್ವಲ್ಪ ಸೊಕ್ಕು ಇತ್ತು. ಮೊನ್ನೆ ಹಿಂದಿನಿಂದ ನಮಸ್ಕಾರ ಹೇಳಿದೆ, ತಿರುಗಿಯೂ ನೋಡಲಿಲ್ಲ. ಎದುರು ಹೋದರೆ ಬೆಲ್ಲದಂಥ ಮಾತು!"

ರಮಾಮಣಿ ನಡುರಸ್ತೆಯಲ್ಲೇ ನಿಂತುಬಿಟ್ಟರು. "ಒಲಿಂಡಾ, ನೀನು ಬಂಗಾರ ಮಾರಾಯ್ತಿ!"

ಒಲಿಂಡಾಳಿಗೆ ತಲೆಬುಡ ತಿಳಿಯಲಿಲ್ಲ. ಹೊಗಳಿಕೆಯನ್ನು ಮಾತ್ರ ಬಿಡದೆ ಸ್ವೀಕರಿಸಿದಳು.

ಮರುದಿನ ಸಂಜೆ ಎಲ್ಲರೂ ಅದೇ ಕೋಣೆಯಲ್ಲಿ ಸೇರಿದರು. ಯಮನೂರನ ಕೈಗೆ ಕೋಳ ಇತ್ತು. ಕೃಷ್ಣಪ್ರಸಾದರು ತಮ್ಮ ಹೇಳಿಕೆಯನ್ನು ಒಂದಕ್ಷರ ಬಿಡದೆ ಮತ್ತೆ ಒಪ್ಪಿಸಿದರು.

"ದ್ರಾಕ್ಷಾಯಿಣಿ, ನಿನ್ನೆ ರಾತ್ರಿ ನನಗೆ ಹೇಳಿದ್ದನ್ನು ಈಗ ಎಲ್ಲರಿಗೂ ಹೇಳು," ಎಂದರು ರಮಾಮಣಿ.

"ಅಪ್ಪಂಗ ಕಿವಿನೇ ಕೇಳ್ತಿರಲಿಲ್ರಿ. ಮಗ್ಗದ ಗದ್ದಲ ಕಿವಿ ತಿಂದುಬಿಟ್ಟಿತ್ತು. ಆ ಶೆಡ್ಡಿನಾಗ ಎಲ್ಲಾರೂ ತುಟಿ ನೋಡೇ ಮಾತಾಡೋರು. ಮನ್ಯಾಗೂ ನಮಗ ಅದೇ ರೂಢಿ, ನನ್ನ ಗಂಡನೂ ಕಲ್ತಾರ. ಅಪ್ಪ ಅಪಾರ್ಟ್‌ಮೆಂಟಿನಾಗ ವಾಚ್‌ಮನ್ ಇದ್ದ. ಕಿವುಡ ವಾಚ್‌ಮನ್‌ನ ಯಾರು ಇಟ್ಕೊಂತಾರ್ರಿ? ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿದ್ದ."

ಜಿತೇಶ್ ಕೃಷ್ಣಪ್ರಸಾದರ ಕಡೆ ತಿರುಗಿದ.

"ಕತ್ತಲಲ್ಲಿ ತುಟಿ ಕಾಣುವುದಿಲ್ಲ," ಎಂದು ರಮಾಮಣಿ ಕೃಷ್ಣಪ್ರಸಾದರಿಗೇ ಹೇಳಿದರು. "ಮೆಟ್ಟಿಲಿಂದ ಕೇಳಿದ ಪ್ರಶ್ನೆಗೆ ಅಜ್ಜ ಉತ್ತರ ಕೊಟ್ಟಿರಲು ಸಾಧ್ಯವೇ ಇಲ್ಲ. ಯಮನೂರನನ್ನು ಕಂಡೆ ಎಂದರೆ ಹತ್ತು ಪ್ರಶ್ನೆ ಏಳುತ್ತದೆ, ಕತ್ತಲಲ್ಲಿ ದನಿ ಕೇಳಿದೆ ಎಂದರೆ ಏಳುವುದಿಲ್ಲ. ಅದಕ್ಕೇ ಕರೆಂಟು ಹೋದದ್ದು ನಿಮಗೆ ಅನುಕೂಲವಾಯಿತು. ಅಜ್ಜ ಫೋಟೋ ನೋಡುತ್ತ ಕುಳಿತಿದ್ದ ಎಂದರೆ ಬೆಳಕಿತ್ತು, ಕೊಲೆ ಕರೆಂಟು ಹೋಗುವ ಮೊದಲೇ ಆಗಿತ್ತು. ಬೆನ್ನ ಹಿಂದೆ ಹೆಜ್ಜೆ ಬಂದರೂ ಅಜ್ಜ ತಿರುಗದೆ ಯಾಕೆ ಕುಳಿತಿದ್ದ ಎಂಬುದೂ ಈಗ ತಿಳಿಯಿತಲ್ಲ?"

"ಕಾರಣ ಎಂತ ಮೇಡಂ?" ಎಂದ ಜಿತೇಶ್.

"ಗಿರಣಿಯ ಹತ್ತಿ ಕೋಣೆಗೆ ಬೆಂಕಿ ಬಿದ್ದ ದಿನ ಮ್ಯಾನೇಜರು ಸ್ವಂತ ಕೈಯಿಂದ ಬೀಗ ತೆಗೆದರು ಅಂತ ಇವರ ಪುಸ್ತಕದಲ್ಲಿ ಉಂಟು. ಅಜ್ಜನ ಹೆಂಡತಿ ಹನುಮವ್ವ ಒಳಗೇ ಸಿಕ್ಕಿಕೊಂಡು ಸತ್ತವಳು. ಸಾಯುವ ಮೊದಲು ಕಿಟಕಿ ಗಾಜಿನ ಆಚೆಯಿಂದ ಗಂಡನಿಗೆ ತುಟಿಯಲ್ಲೇ ಹೇಳಿದಳು, 'ಬೀಗ ಮ್ಯಾನೇಜರು ಹಾಕ್ಯಾರ, ಮಗೂನ್ನ ನೋಡ್ಕೋ' ಅಂತ. ಈ ಭಾನುವಾರ ಅಜ್ಜ ಅದನ್ನು ಹೇಳುವವನಿದ್ದ. ಇವರ ತಂದೆಯ ಹೆಸರು ಬರುತ್ತದೆ, ಮೊದಲು ಇವರಿಗೆ ತಿಳಿಸುವುದು ಮರ್ಯಾದೆ ಎಂದುಕೊಂಡು ಬಂದ. ಆ ಮರ್ಯಾದೆಯೇ ಅವನ ಜೀವ ತೆಗೆಯಿತು."

ಕೃಷ್ಣಪ್ರಸಾದರು ಖಾಲಿ ಕುರ್ಚಿಯನ್ನೇ ನೋಡುತ್ತಿದ್ದರು. "ಮೊದಲು ಕೋಪದಲ್ಲಿ ಬೈದು ಕೆಳಗಿಳಿದೆ. ಮನಸ್ಸು ತಡೆಯದೆ ಮತ್ತೆ ಹತ್ತಿ ಬಂದೆ," ಎಂದರು. "ಬಾಗಿಲಲ್ಲಿ ನಿಂತು ಬೇಡಿಕೊಂಡೆ. ಅಪ್ಪನ ಪರವಾಗಿ ಕ್ಷಮೆಯನ್ನೂ ಕೇಳಿದೆ. ಅವನು ತಿರುಗಿಯೂ ನೋಡಲಿಲ್ಲ. ನನ್ನನ್ನು ನಾಯಿಗೆ ಸಮ ಮಾಡಿದ ಅಂದುಕೊಂಡೆ... ಅವನಿಗೆ ಕೇಳಿಸಲೇ ಇಲ್ಲವಾ?"

ತಾನೂ ಆ ಬೆನ್ನನ್ನು ಸೊಕ್ಕು ಎಂದಿದ್ದು ನೆನಪಾಗಿ ಒಲಿಂಡಾಳಿಗೆ ನಾಚಿಕೆಯಾಯಿತು, ಅಳುವೂ ಬಂತು.

ಜಿತೇಶ್ ಯಮನೂರನ ಕೋಳ ಬಿಚ್ಚಿ ಕೃಷ್ಣಪ್ರಸಾದರನ್ನು ಕೆಳಗೆ ಕರೆದೊಯ್ದ. ದ್ರಾಕ್ಷಾಯಿಣಿ ಗಂಡನ ಕೈ ಹಿಡಿದು ಅಪ್ಪನ ಕುರ್ಚಿಯ ಎದುರಿಗೆ ಬಂದು ನಿಂತಳು. ಅವಳ ತುಟಿ ಸದ್ದಿಲ್ಲದೆ ಅಲುಗಿತು. ಈ ಸಲ ಒಲಿಂಡಾ ಶಿಲುಬೆ ಗುರುತು ಮಾಡಲಿಲ್ಲ, ಕಣ್ಣೊರೆಸಿಕೊಂಡು ಆ ತುಟಿಯನ್ನೇ ನೋಡಿದಳು.

'ಭಾನುವಾರ ನಾ ಹೇಳ್ತೀನಪ್ಪ.'